ತೋಳಿನ ಮೇಲಿನ ಕಾವಲುಗಾರ

ಬೆಳಗಿನ ಆರು ಗಂಟೆಯ ಸಮಯ. ಬೆಂಗಳೂರಿನ ಲಾಲ್‌ಬಾಗಿನ ಮರಗಳ ಮೇಲೆ ಇನ್ನೂ ತೆಳುವಾದ ಮಂಜು. ಮಫ್ಲರು ಸುತ್ತಿಕೊಂಡ ಹಿರಿಯರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕ್ಯಾನ್ವಾಸ್ ಬೂಟು ಮೆಟ್ಟಿದ ಗೃಹಿಣಿಯರು, ಏದುಸಿರು ಬಿಡುತ್ತ ಓಡುವ ತರುಣರು ಗಾಜಿನ ಮನೆಯನ್ನು ಬಳಸಿಕೊಂಡು ಕೆರೆಯ ಕಡೆಗೆ ಸಾಗುತ್ತಾರೆ. ಸೂಕ್ಷ್ಮವಾಗಿ ನೋಡಿದರೆ ಇವರಲ್ಲಿ ಕೆಲವರ ತೋಳಿನ ಹಿಂಬದಿಯಲ್ಲಿ, ಅಂಗಿಯ ತೋಳಿನಂಚಿನಿಂದ ಇಣುಕುತ್ತಿರುವ, ನಾಣ್ಯದಂತಹ ಒಂದು ಬಿಳಿಯ ಬಿಲ್ಲೆ ಕಣ್ಣಿಗೆ ಬೀಳುವುದು. ಅದು ಆಭರಣವೂ ಅಲ್ಲ, ತಾಯಿತವೂ ಅಲ್ಲ. ಮೈಯೊಳಗಿನ ಸಕ್ಕರೆಯ ಏರಿಳಿತವನ್ನು ಹಗಲಿರುಳೂ ಅಳೆಯುವ ಪುಟ್ಟ ಕಾವಲುಗಾರ: ಗ್ಲೂಕೋಸ್ ಸೆನ್ಸರ್.

ಆದರೆ ಈ ಗುಂಪಿನಲ್ಲಿ ಇರಬೇಕಾಗಿದ್ದು ಬಾರದೆ ಉಳಿದವರೂ ಉಂಟು. ಅದೇ ಹೊತ್ತಿಗೆ ಊರಿನ ಮತ್ತೊಂದು ಬಡಾವಣೆಯ ಮನೆಯಲ್ಲಿ ಇಂತಹ ಮಾತು ನಡೆಯುತ್ತಿರುತ್ತದೆ:

“ರೀ, ಇವತ್ತೂ ವಾಕಿಂಗು ಬೇಡ. ಹೋದ ಸಲ ಬೆವರಿಗೆ ಮೂರೇ ದಿನಕ್ಕೆ ಕಿತ್ತು ಬಂತಲ್ಲ! ಅಷ್ಟೊಂದು ದುಡ್ಡು ನೀರಿನಲ್ಲಿ ಹೋಮ ಮಾಡಿದಂತಾಯಿತು.”

“ಹೌದು ಕಣೇ. ಈ ಹದಿನೈದು ದಿನ ಕಳೆದುಬಿಡಲಿ, ಆಮೇಲೆ ನೋಡೋಣ.”

ಹದಿನೈದು ದಿನಗಳಾದ ಮೇಲೆ ಹೊಸ ಸೆನ್ಸರ್ ಬರುತ್ತದೆ. ಅದರೊಡನೆ ಹಳೆಯ ಭಯವೂ ಬರುತ್ತದೆ. ಕಾಲಿನ ಬೂಟು ಮೂಲೆಯಲ್ಲಿ ಧೂಳು ಹಿಡಿಯುತ್ತದೆ.

ಒಂದು ಸೆನ್ಸರಿನ ಬೆಲೆ ಕೆಲವು ಸಾವಿರ ರೂಪಾಯಿ. ಮಧ್ಯಮ ವರ್ಗದ ಸಂಸಾರಕ್ಕೆ ಅದು ಸಣ್ಣ ಮೊತ್ತವೇನಲ್ಲ. ಆದುದರಿಂದ ಈ ಭಯವನ್ನು ನಕ್ಕು ತಳ್ಳುವಂತಿಲ್ಲ. ಆದರೂ, ನಿರ್ಭಯವಾಗಿ ವ್ಯಾಯಾಮ ಮಾಡಲು ನೆರವಾಗಲೆಂದು ತಂದ ಸಾಧನವನ್ನು ಉಳಿಸಿಕೊಳ್ಳುವುದಕ್ಕಾಗಿ ವ್ಯಾಯಾಮವನ್ನೇ ಬಿಡುವುದು, ಕೊಡೆ ನೆನೆದೀತೆಂದು ಅದನ್ನು ಮಡಿಸಿ ಕಂಕುಳಲ್ಲಿ ಇರುಕಿಕೊಂಡು ಮಳೆಯಲ್ಲಿ ನಡೆದಂತೆ. ಸೆನ್ಸರ್ ಕಳಚಿ ಬೀಳುವುದು ಬಹುಮಟ್ಟಿಗೆ ವ್ಯಾಯಾಮದ ದೋಷವಲ್ಲ. ಅದನ್ನು ಅಂಟಿಸುವ ಮೊದಲಿನ ಕಾಲುಗಂಟೆಯ ಅಜಾಗರೂಕತೆಯ ಫಲ.

೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನವು ಭಾರತದಲ್ಲಿ ೧೦ ಕೋಟಿಗೂ ಮಿಕ್ಕಿದ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ಇವರೆಲ್ಲರಿಗೂ ಸೆನ್ಸರ್ ಅಗತ್ಯವೆಂದಲ್ಲ. ಆದರೆ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಸಕ್ಕರೆ ಹಠಾತ್ತನೆ ಇಳಿಯುವ ಸ್ವಭಾವದವರಿಗೆ, ಟೈಪ್-೧ ಮಧುಮೇಹವುಳ್ಳ ಮಕ್ಕಳ ತಂದೆತಾಯಿಗಳಿಗೆ ಅದು ಎಂತಹ ನೆಮ್ಮದಿಯನ್ನು ತಂದಿದೆಯೆಂಬುದನ್ನು ಅನುಭವಿಸಿದವರೇ ಬಲ್ಲರು.

ನೀಲಿಯ ದ್ರಾವಣದಿಂದ ಬಿಳಿಯ ಬಿಲ್ಲೆಗೆ

ಮಧುಮೇಹಿಗಳಿದ್ದ ಮನೆಗಳಲ್ಲಿ ಒಂದಾನೊಂದು ಕಾಲಕ್ಕೆ ಸ್ಪಿರಿಟ್ ದೀಪ, ಗಾಜಿನ ಪ್ರನಾಳ ಮತ್ತು ಬೆನೆಡಿಕ್ಟ್ ದ್ರಾವಣದ ಸೀಸೆ ಇರುತ್ತಿದ್ದುವು. ನೀಲಿಯ ದ್ರಾವಣಕ್ಕೆ ಎಂಟು ಹನಿ ಮೂತ್ರವನ್ನು ಬೆರೆಸಿ ಕಾಯಿಸಬೇಕು. ನೀಲಿ ಬಣ್ಣ ಹಾಗೆಯೇ ಉಳಿದರೆ ಸಕ್ಕರೆಯಿಲ್ಲ. ಹಸಿರು, ಹಳದಿ, ಕಿತ್ತಳೆಯಾಗುತ್ತ ಇಟ್ಟಿಗೆಯ ಕೆಂಪಿಗೆ ತಿರುಗಿತೆಂದರೆ ಮನೆಯವರ ಮುಖ ಕಳೆಗುಂದುತ್ತಿತ್ತು. ಆದರೆ ಆ ಪರೀಕ್ಷೆ ಹೇಳುತ್ತಿದ್ದುದು ಕೆಲವು ಗಂಟೆಗಳ ಹಿಂದಿನ ಕಥೆ. ರಕ್ತದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದುದನ್ನು ತಿಳಿಸುವ ಶಕ್ತಿ ಅದಕ್ಕೆ ಇರಲೇ ಇಲ್ಲ.

ಮುಂದೆ ಬೆರಳಿನ ತುದಿಯನ್ನು ಚುಚ್ಚಿ ಒಂದು ಹನಿ ರಕ್ತದಿಂದ ಸಕ್ಕರೆಯನ್ನು ಅಳೆಯುವ ಮೀಟರು ಬಂದಿತು. ಅದರಿಂದ ಆ ಕ್ಷಣದ ಸ್ಥಿತಿ ತಿಳಿಯಿತು. ಆದರೆ ಸಕ್ಕರೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯದು. ಓಡುತ್ತಿರುವವನು ಐದೈದು ನಿಮಿಷಕ್ಕೆ ನಿಂತು ಬೆರಳು ಚುಚ್ಚಿಕೊಳ್ಳುವುದೂ ಆಗದ ಮಾತು.

ಈ ತೊಡಕಿಗೆ ಬಿಡುಗಡೆಯ ಬೀಜ ಬಿದ್ದುದು ೧೯೬೨ರಲ್ಲಿ. ಅಮೆರಿಕದ ಲೆಲೆಂಡ್ ಕ್ಲಾರ್ಕ್ ಮತ್ತು ಅವರ ಸಹೋದ್ಯೋಗಿ ಲಯನ್ಸ್ ಅವರು, ಗ್ಲೂಕೋಸಿನೊಡನೆ ಮಾತ್ರ ವರ್ತಿಸುವ ಕಿಣ್ವವೊಂದನ್ನು ವಿದ್ಯುದ್ವಾರದ ಮೇಲೆ ಕೂರಿಸಿದರೆ ಸಕ್ಕರೆಯನ್ನು ವಿದ್ಯುತ್ತಿನ ಮೂಲಕ ಅಳೆಯಬಹುದೆಂದು ಆ ವರ್ಷ ಸೂಚಿಸಿದರು. ಮೈಮೇಲೆ ಧರಿಸಿ ನಿರಂತರವಾಗಿ ಅಳೆಯುವ ಮೊದಲ ಸಾಧನಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತುದು ೧೯೯೯ರಲ್ಲಿ. ಅದು ಮೂರು ದಿನಗಳ ಅಂಕಿಗಳನ್ನು ಕೂಡಿಡುತ್ತಿತ್ತು. ಅವನ್ನು ಅನಂತರ ವೈದ್ಯರು ಓದುತ್ತಿದ್ದರೇ ಹೊರತು ರೋಗಿಗೆ ಕಾಣುತ್ತಿರಲಿಲ್ಲ. ೨೦೧೪ರಲ್ಲಿ ಯೂರೋಪಿನಲ್ಲಿ ಬಳಕೆಗೆ ಬಂದ ಸೆನ್ಸರ್ ಹದಿನಾಲ್ಕು ದಿನ ತೋಳಿನ ಮೇಲೆ ನಿಲ್ಲುತ್ತಿತ್ತು. ಅದನ್ನು ಸರಿಹೊಂದಿಸಲು ಬೆರಳು ಚುಚ್ಚಬೇಕಾಗಿಯೂ ಇರಲಿಲ್ಲ.

ಬಿಲ್ಲೆಯ ಅಡಿಯಲ್ಲಿ ಸುಮಾರು ಐದು ಮಿಲಿಮೀಟರ್ ಉದ್ದದ, ಬಾಗುವ ಸ್ವಭಾವದ ಒಂದು ಎಳೆ ಇರುತ್ತದೆ. ಅಂಟಿಸುವಾಗ ಸೂಜಿಯೊಂದು ಈ ಎಳೆಯನ್ನು ಚರ್ಮದ ಕೆಳಗೆ ಸೇರಿಸಿ ತಾನು ಹಿಂದೆ ಸರಿದುಬಿಡುತ್ತದೆ. ಎಳೆಯು ನಿಲ್ಲುವುದು ರಕ್ತನಾಳದಲ್ಲಲ್ಲ, ಜೀವಕೋಶಗಳ ನಡುವಣ ದ್ರವದಲ್ಲಿ. ಅಲ್ಲಿಯ ಗ್ಲೂಕೋಸಿನೊಡನೆ ಎಳೆಯ ಮೇಲಿನ ಕಿಣ್ವ ವರ್ತಿಸಿದಾಗ ಅತ್ಯಲ್ಪ ವಿದ್ಯುತ್ ಹರಿಯುತ್ತದೆ. ಬಿಲ್ಲೆಯು ಅದನ್ನು ಅಂಕಿಯಾಗಿ ಮಾರ್ಪಡಿಸಿ ನಿಸ್ತಂತುವಾಗಿ ಫೋನಿಗೆ ಕಳುಹಿಸುತ್ತದೆ. ಕೂದಲೆಳೆಯಷ್ಟು ಸಣ್ಣದಾದ ಈ ಎಳೆಯು ಅಲುಗಾಡದೆ ನಿಲ್ಲುವುದರ ಮೇಲೆಯೇ ಎಲ್ಲವೂ ನಿಂತಿದೆ. ಅದನ್ನು ನಿಲ್ಲಿಸುವುದು ಬಿಲ್ಲೆಯ ಅಡಿಯ ಅಂಟು.

ನಾಲ್ವರು ವೈರಿಗಳು

ಈ ಅಂಟಿಗೆ ವ್ಯಾಯಾಮದಲ್ಲಿ ನಾಲ್ವರು ವೈರಿಗಳು: ಬೆವರು, ಉಜ್ಜಾಟ, ಎಳೆತ ಮತ್ತು ಪೆಟ್ಟು.

ಚರ್ಮದ ಹೊರಪದರವು ಸತ್ತ ಕೋಶಗಳಿಂದಾದುದು. ಅದು ಸದಾ ಸವೆದು ಉದುರುತ್ತಿರುತ್ತದೆ. ಅಂಟು ಹಿಡಿದುಕೊಂಡಿರುವುದು ಉದುರಲಿರುವ ಈ ಪದರವನ್ನೇ. ಆದುದರಿಂದ ದಿನ ಕಳೆದಂತೆ ಹಿಡಿತ ಸಡಿಲಗೊಳ್ಳುವುದು ಸಹಜ. ಅಡಿಯಿಂದ ಉಕ್ಕುವ ಬೆವರು ಈ ಕೆಲಸವನ್ನು ಬೇಗ ಮುಗಿಸುತ್ತದೆ. ಮಂಗಳೂರು, ಕಾರವಾರಗಳಂತಹ ಕರಾವಳಿಯ ಊರುಗಳಲ್ಲಿ ಗಾಳಿಯೇ ತೇವವಾಗಿದ್ದು ಬೆವರು ಆರುವುದಿಲ್ಲ. ಅಲ್ಲಿಯವರ ಕಷ್ಟ ಬೆಂಗಳೂರಿನವರಿಗಿಂತ ಹೆಚ್ಚು.

ಉಜ್ಜಾಟವು ಬಟ್ಟೆಯಿಂದ ಬರುತ್ತದೆ: ಬಿಗಿಯಾದ ರವಿಕೆಯ ತೋಳು, ಬನಿಯನ್ನಿನ ಅಂಚು, ಬೆನ್ನಚೀಲದ ಪಟ್ಟಿ. ಎಳೆತ ಇನ್ನೂ ಸೂಕ್ಷ್ಮವಾದುದು. ಕೈಯನ್ನು ಎತ್ತಿ ಇಳಿಸಿದಾಗ ಚರ್ಮವು ಹಿಗ್ಗಿ ಕುಗ್ಗುತ್ತದೆ. ಗಟ್ಟಿಯಾದ ಬಿಲ್ಲೆಯು ಹಿಗ್ಗುವುದಿಲ್ಲ. ಪ್ರತಿಯೊಂದು ಸಲವೂ ಅಂಚು ಕೂದಲೆಳೆಯಷ್ಟು ಮೇಲೇಳುತ್ತದೆ. ಎದ್ದ ಅಂಚಿಗೆ ಧೂಳು ಸೇರುತ್ತದೆ. ಧೂಳು ಸೇರಿದ ಅಂಟು ಮತ್ತೆ ಹಿಡಿಯದು. ಕಡೆಗೆ ಬಾಗಿಲ ಚೌಕಟ್ಟಿಗೋ, ಬಸ್ಸಿನ ಕಂಬಿಗೋ ತೋಳು ತಗುಲಿದರೆ ಸಾಕು, ಕಥೆ ಮುಗಿಯಿತು.

ಪೂರ್ತಿ ಬೀಳದೆ ಅರ್ಧ ಎದ್ದ ಸೆನ್ಸರ್ ಇನ್ನೂ ಕೆಟ್ಟದ್ದು. ಒಳಗಿನ ಎಳೆ ಅತ್ತಿತ್ತ ಸರಿದು ನೋವು ಕೊಡುವುದಲ್ಲದೆ ತಪ್ಪು ಅಂಕಿಯನ್ನೂ ತೋರಿಸಬಹುದು. ಕಾವಲುಗಾರನಿಲ್ಲದ ಮನೆಗಿಂತ ತಪ್ಪು ಸುದ್ದಿ ಹೇಳುವ ಕಾವಲುಗಾರನಿರುವ ಮನೆಗೆ ಅಪಾಯ ಹೆಚ್ಚು.

ಜಾಗವನ್ನು ಆರಿಸುವ ಬಗೆ

ಸೆನ್ಸರನ್ನು ಎಲ್ಲಿ ಅಂಟಿಸಬೇಕೆಂಬುದನ್ನು ತಯಾರಕರು ಪರೀಕ್ಷಿಸಿ ನಿಗದಿ ಮಾಡಿರುತ್ತಾರೆ. ಹೆಚ್ಚಿನವಕ್ಕೆ ಮೇಲ್ತೋಳಿನ ಹಿಂಬದಿ. ಕೆಲವಕ್ಕೆ ಹೊಟ್ಟೆಯೂ ಆಗಬಹುದು. ಆ ಮಿತಿಯೊಳಗೇ ಜಾಣತನದಿಂದ ಜಾಗವನ್ನು ಹುಡುಕಬೇಕು. ಮಚ್ಚೆ, ಗಾಯದ ಕಲೆ, ಗಂಟುಗಟ್ಟಿದ ಚರ್ಮ ಇರಬಾರದು. ಇನ್ಸುಲಿನ್ ಚುಚ್ಚುವ ಸ್ಥಳದಿಂದ ಕನಿಷ್ಠ ಒಂದಂಗುಲ ದೂರವಿರಬೇಕು. ಬೆರಳುಗಳಿಂದ ಹಿಡಿದರೆ ತುಸು ಕೊಬ್ಬು ಸಿಕ್ಕುವಂತಿರಬೇಕು. ಉಬ್ಬಿ ಇಳಿಯುವ ಸ್ನಾಯುವಿನ ನೇರ ಮೇಲೆ ಇದ್ದರೆ ಎಳೆಗೆ ನೆಮ್ಮದಿಯಿಲ್ಲ.

ಕನ್ನಡಿಯ ಮುಂದೆ ನಿಂತು, ತಾವು ಪ್ರತಿದಿನ ಮಾಡುವ ವ್ಯಾಯಾಮದ ಚಲನೆಗಳನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯ ಉಪಾಯ. ಕೈಯನ್ನು ಮೇಲೆತ್ತಿದಾಗ ಎಲ್ಲಿ ಚರ್ಮ ಮಡಿಸಿಕೊಳ್ಳುವುದಿಲ್ಲವೋ, ಎಲ್ಲಿ ಬಟ್ಟೆಯ ಅಂಚು ತಾಗುವುದಿಲ್ಲವೋ, ಅಲ್ಲಿ ಪೆನ್ನಿನಿಂದ ಒಂದು ಚುಕ್ಕೆಯಿಟ್ಟುಕೊಂಡು ಅದರ ಪಕ್ಕದಲ್ಲಿ ಅಂಟಿಸಬಹುದು. ಸೀರೆಯುಡುವವರು ರವಿಕೆಯ ತೋಳಿನ ಅಂಚು ಬಿಲ್ಲೆಯ ನಡುವಿಗೆ ಬಾರದಂತೆ ನೋಡಿಕೊಳ್ಳಬೇಕು. ಒಂದೋ ಪೂರ್ಣ ಒಳಗಿರಲಿ, ಅಥವಾ ಪೂರ್ಣ ಹೊರಗಿರಲಿ. ಬಲಗೈಯಲ್ಲಿ ಬ್ಯಾಡ್ಮಿಂಟನ್ ಆಡುವವರಿಗೆ ಎಡತೋಳು ಒಳ್ಳೆಯದು.

ಮಲಗುವ ಭಂಗಿಯನ್ನೂ ಮರೆಯುವಂತಿಲ್ಲ. ಸೆನ್ಸರ್ ಇರುವ ತೋಳಿನ ಮೇಲೆ ಭಾರಬಿಟ್ಟು ಮಲಗಿದರೆ ಅಲ್ಲಿನ ದ್ರವದ ಸಂಚಾರ ಕುಂದಿ, ಸಕ್ಕರೆ ಇಳಿಯದಿದ್ದರೂ ಇಳಿದಂತೆ ಅಂಕಿ ತೋರುತ್ತದೆ. ನಡುರಾತ್ರಿಯಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿ ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ. ಒಂದು ಸಲ ಬಲತೋಳಾದರೆ ಮುಂದಿನ ಸಲ ಎಡತೋಳು ಎಂಬ ಕ್ರಮವಿಟ್ಟುಕೊಂಡರೆ ಚರ್ಮಕ್ಕೂ ವಿರಾಮ.

ಅಂಟಿಸುವ ಮೊದಲಿನ ಕಾಲುಗಂಟೆ

ಮನೆಗೆ ಸುಣ್ಣ ಬಳಿಯುವವನು ಮೊದಲು ಗೋಡೆಯನ್ನು ಕೆರೆದು ಒಣಗಿಸುತ್ತಾನೆ. ಹಾಗೆ ಮಾಡದಿದ್ದರೆ ಸುಣ್ಣ ಸಿಪ್ಪೆಯಾಗಿ ಏಳುತ್ತದೆ. ಚರ್ಮದ ವಿಷಯದಲ್ಲಿಯೂ ನ್ಯಾಯ ಇದೇ.

ಕೂದಲು ಹೆಚ್ಚಿದ್ದರೆ ಹಿಂದಿನ ದಿನವೇ ಕತ್ತರಿಸಬೇಕು. ಆಗತಾನೆ ಕ್ಷೌರ ಮಾಡಿದ ಚರ್ಮ ಉರಿಗೆ ಬೇಗ ಒಳಗಾಗುತ್ತದೆ. ಸಾದಾ ಸೋಪಿನಿಂದ ತೊಳೆದು, ಒಣಗಿದ ಬಟ್ಟೆಯಿಂದ ಒತ್ತಿ, ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರಸಿ, ಪೂರ್ತಿಯಾಗಿ ಆರುವವರೆಗೆ ಕಾಯಬೇಕು. ಅವಸರದಲ್ಲಿ ಬಾಯಿಯಿಂದ ಊದುವುದು ಸಲ್ಲದು; ಫ್ಯಾನಿನ ಗಾಳಿ ಸಾಕು. ಪೌಡರು, ಸ್ನೋ, ಕ್ರೀಮು ಇವು ಯಾವುವೂ ಆ ಜಾಗದ ಹತ್ತಿರ ಸುಳಿಯಬಾರದು.

ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ತೊಡಕು ತರುವುದು ಎಣ್ಣೆ. ವಾರಕ್ಕೊಮ್ಮೆ ಎಣ್ಣೆಯ ನೀರೆರೆದುಕೊಳ್ಳುವ ಪದ್ಧತಿ ಇಂದಿಗೂ ಅನೇಕ ಮನೆಗಳಲ್ಲಿ ಉಳಿದಿದೆ; ನರಕಚತುರ್ದಶಿಯ ದಿನವಂತೂ ಅಭ್ಯಂಜನ ತಪ್ಪಿಸುವಂತಿಲ್ಲ. ಸೀಗೆಪುಡಿಯಲ್ಲಿ ತಿಕ್ಕಿದರೂ ಎಣ್ಣೆಯ ತೆಳುಪೊರೆಯೊಂದು ಚರ್ಮದ ಮೇಲೆ ಉಳಿಯಬಹುದು. ಅಂದೇ ಸೆನ್ಸರ್ ಅಂಟಿಸಿದರೆ ಅದು ನಿಲ್ಲುವುದು ಕಷ್ಟ. ಆದುದರಿಂದ ಎಣ್ಣೆಸ್ನಾನದ ದಿನವನ್ನೂ ಸೆನ್ಸರ್ ಬದಲಾಯಿಸುವ ದಿನವನ್ನೂ ಬೇರೆ ಬೇರೆಯಾಗಿ ಪಂಚಾಂಗದಲ್ಲಿ ಗುರುತಿಟ್ಟುಕೊಳ್ಳುವುದು ಲೇಸು. ಸೆನ್ಸರ್ ಇರುವಾಗ ಎಣ್ಣೆ ಹಚ್ಚಲೇಬೇಕಾದರೆ ಆ ತೋಳಿನ ಮೇಲ್ಭಾಗವನ್ನು ಬಿಟ್ಟು ಹಚ್ಚಬೇಕು.

ಹೊತ್ತಿನ ಆಯ್ಕೆಯೂ ಮುಖ್ಯ. ಈ ಬಗೆಯ ಅಂಟಿನ ಹಿಡಿತ ಅಂಟಿಸಿದ ಅನಂತರವೂ ಕೆಲವು ಗಂಟೆಗಳ ಕಾಲ ಬಲಗೊಳ್ಳುತ್ತ ಹೋಗುತ್ತದೆ. ಅಂಟಿಸಿದ ಅರ್ಧ ಗಂಟೆಗೆ ಓಡಲು ಹೊರಟರೆ ಅದು ಹಿಡಿಯುವ ಮೊದಲೇ ಬೆವರು ಹೊಕ್ಕುಬಿಡುತ್ತದೆ. ಬೆಳಗ್ಗೆ ವ್ಯಾಯಾಮ ಮಾಡುವವರು ಹಿಂದಿನ ಸಂಜೆ, ಸಂಜೆ ಆಡುವವರು ಆಟ ಮುಗಿದು ಸ್ನಾನ ಮಾಡಿ ಮೈ ಆರಿದ ಮೇಲೆ ಅಂಟಿಸಿದರೆ, ಒಂದು ರಾತ್ರಿಯ ವಿಶ್ರಾಂತಿ ಸಿಕ್ಕುತ್ತದೆ. ಅಂಟಿಸಿದೊಡನೆ ಅಂಚಿನ ಸುತ್ತಲೂ ಬೆರಳನ್ನು ನಿಧಾನವಾಗಿ ಒತ್ತುತ್ತ ಒಂದೆರಡು ಸುತ್ತು ಬರಬೇಕು. ಸೆನ್ಸರ್ ಅಂಕಿ ತೋರಲು ಮಾದರಿಗೆ ತಕ್ಕಂತೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕಾಗುತ್ತದೆ. ಮೊದಲ ದಿನದ ಅಂಕಿಗಳು ಅಷ್ಟು ಖಚಿತವಲ್ಲದಿರುವುದೂ ಉಂಟು. ರಾತ್ರಿಯ ವಿಶ್ರಾಂತಿಯಿಂದ ಈ ತೊಂದರೆಯೂ ಬಹಳಮಟ್ಟಿಗೆ ಕಳೆಯುತ್ತದೆ.

ಮೇಲುಹೊದಿಕೆ

ಇಷ್ಟು ಮಾಡಿದರೆ ನಡಿಗೆಯಂತಹ ಸೌಮ್ಯ ವ್ಯಾಯಾಮಕ್ಕೆ ಸಾಮಾನ್ಯವಾಗಿ ಬೇರೇನೂ ಬೇಕಾಗುವುದಿಲ್ಲ. ಹೆಚ್ಚು ಬೆವರುವವರಿಗೆ, ಆಟಗಾರರಿಗೆ ಮೇಲಿನಿಂದ ಅಂಟಿಸುವ ಪಟ್ಟಿಗಳು ದೊರೆಯುತ್ತವೆ. ಆಟಗಾರರು ಕೀಲುನೋವಿಗೆ ಹಾಕಿಕೊಳ್ಳುವ, ಹಿಗ್ಗುವ ಬಟ್ಟೆಯ ಟೇಪನ್ನು ಕತ್ತರಿಸಿಯೂ ಬಳಸಬಹುದು. ಇದರಲ್ಲಿ ಮೂರು ಸಂಗತಿಗಳನ್ನು ನೆನಪಿಡಬೇಕು. ಪಟ್ಟಿಯ ಮೂಲೆಗಳನ್ನು ದುಂಡಗೆ ಕತ್ತರಿಸಬೇಕು. ಚೂಪಾದ ಮೂಲೆಯೇ ಮೊದಲು ಏಳುವುದು. ಪಟ್ಟಿಯ ತುದಿಗಳನ್ನು ಎಳೆದು ಅಂಟಿಸಬಾರದು. ಎಳೆದ ತುದಿ ಹಿಂದಕ್ಕೆ ಸೆಳೆದು ಚರ್ಮದ ಮೇಲೆ ಬೊಬ್ಬೆ ಎಬ್ಬಿಸುತ್ತದೆ. ಸೆನ್ಸರಿನ ನಡುವೆ ರಂಧ್ರವಿದ್ದರೆ ಅದನ್ನು ಮುಚ್ಚಬಾರದು. ಆ ಜಾಗವನ್ನು ಬಿಟ್ಟು ಪಟ್ಟಿಯನ್ನು ಕತ್ತರಿಸಿಕೊಳ್ಳಬೇಕು.

ತೋಳಿಗೆ ಹಾಕುವ ಬಟ್ಟೆಯ ಪಟ್ಟಿಯೂ ಪೆಟ್ಟಿನಿಂದ ಕಾಪಾಡುತ್ತದೆ. ಆದರೆ ಅದು ಬಿಗಿಯಾಗಿರಬಾರದು. ಬಿಗಿದು ಕಟ್ಟಿದರೆ ತೋಳಿನ ಮೇಲೆ ಮಲಗಿದಂತೆಯೇ ಆಗಿ ಅಂಕಿ ತಪ್ಪುತ್ತದೆ. ಬೆರಳೊಂದು ಸಲೀಸಾಗಿ ಅಡಿಯಲ್ಲಿ ತೂರುವಷ್ಟು ಸಡಿಲವಿದ್ದರೆ ಸಾಕು.

ಬೆವರಿದ ಮೇಲೆ ಟವೆಲಿನಿಂದ ಉಜ್ಜುವುದು ದೊಡ್ಡ ತಪ್ಪು. ಮೆಲ್ಲನೆ ಒತ್ತಿ ತೇವವನ್ನು ಹೀರಿಸಬೇಕು. ಅಂಚು ಎದ್ದರೆ ಕೀಳದೆ, ಎದ್ದ ಭಾಗವನ್ನಷ್ಟೇ ಸಣ್ಣ ಕತ್ತರಿಯಿಂದ ತೆಗೆದು ಮೇಲೆ ಪಟ್ಟಿ ಹಾಕಬೇಕು. ಎಳೆಯೇ ಹೊರಗೆ ಬಂದಿದ್ದರೆ ಮಾತ್ರ ಅದನ್ನು ಮತ್ತೆ ಒಳಗೆ ತಳ್ಳುವ ಸಾಹಸ ಖಂಡಿತ ಕೂಡದು. ಆ ಸೆನ್ಸರಿನ ಆಯುಸ್ಸು ಮುಗಿಯಿತೆಂದು ತಿಳಿಯಬೇಕು. ತಯಾರಕರ ಸಹಾಯವಾಣಿಗೆ ತಿಳಿಸಿದರೆ ಕೆಲವೊಮ್ಮೆ ಬದಲಿ ದೊರೆಯುವುದುಂಟು. ಆದುದರಿಂದ ಬಿದ್ದ ಸೆನ್ಸರನ್ನೂ ಅದರ ಡಬ್ಬಿಯನ್ನೂ ಒಡನೆಯೇ ಎಸೆಯಬಾರದು.

ಒಂದೊಂದು ವ್ಯಾಯಾಮಕ್ಕೆ ಒಂದೊಂದು ಎಚ್ಚರ

ಯೋಗಾಸನ ಮಾಡುವವರು, ಬೆವರು ಕಡಿಮೆಯೆಂದು ಉದಾಸೀನ ಮಾಡುವುದುಂಟು. ಆದರೆ ಹಲಾಸನ, ಸರ್ವಾಂಗಾಸನಗಳಲ್ಲಿ ಮೇಲ್ತೋಳಿನ ಹಿಂಬದಿಯೇ ನೆಲವನ್ನು ಒತ್ತುವುದು, ಶವಾಸನದಲ್ಲಿಯೂ ಅಷ್ಟೆ. ಬಿಲ್ಲೆಯನ್ನು ತೋಳಿನ ನಟ್ಟನಡುವೆ ಅಂಟಿಸದೆ ತುಸು ಹೊರಮಗ್ಗುಲಿಗೆ ಸರಿಸಿದರೆ ಈ ತೊಂದರೆ ತಗ್ಗುತ್ತದೆ. ವ್ಯಾಯಾಮಶಾಲೆಯಲ್ಲಿ ಬೆಂಚಿನ ಮೇಲೆ ಮಲಗಿ ಭಾರ ಎತ್ತುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಕಬಡ್ಡಿ, ಕುಸ್ತಿ, ಫುಟ್‌ಬಾಲಿನಂತಹ ಮೈತಾಗುವ ಆಟಗಳಲ್ಲಿ ಮೇಲುಹೊದಿಕೆಯೂ ಬಟ್ಟೆಯ ಪಟ್ಟಿಯೂ ಎರಡೂ ಬೇಕು. ಎದುರಾಳಿಯ ಉಗುರಿಗೆ ಸೆನ್ಸರಿನ ಬೆಲೆ ತಿಳಿಯದು.

ಈಜುವವರು ತಮ್ಮ ಸೆನ್ಸರ್ ಎಷ್ಟು ಆಳದವರೆಗೆ, ಎಷ್ಟು ಹೊತ್ತು ನೀರನ್ನು ತಡೆಯುವುದೆಂದು ಮೊದಲೇ ಓದಿ ತಿಳಿದಿರಬೇಕು. ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆಗೆ ಮಾತ್ರ ತಡೆಯುವ ಮಾದರಿಗಳಿವೆ. ಹೆಚ್ಚು ತಡೆಯುವವೂ ಇವೆ. ಫೋನಿಗೆ ಸುದ್ದಿ ಕಳುಹಿಸುವ ಅಲೆಗಳು ನೀರಿನಲ್ಲಿ ಹೆಚ್ಚು ದೂರ ಸಾಗಲಾರವು; ಆದುದರಿಂದ ಈಜುತ್ತಿರುವಷ್ಟು ಹೊತ್ತು ಎಚ್ಚರಿಕೆಯ ಗಂಟೆ ಮೊಳಗೀತೆಂದು ನಂಬಕೂಡದು. ನಡುನಡುವೆ ದಡಕ್ಕೆ ಬಂದು ಅಂಕಿಯನ್ನು ನೋಡಿಕೊಳ್ಳಬೇಕು, ಒಬ್ಬಂಟಿಯಾಗಿ ಈಜಬಾರದು. ಮೈದಾನದಲ್ಲಿಯೂ ಅಷ್ಟೆ: ಫೋನನ್ನು ದೂರದ ಚೀಲದಲ್ಲಿ ಬಿಟ್ಟು ಆಡಲು ಹೋದರೆ, ಇಪ್ಪತ್ತು ಮೂವತ್ತು ಅಡಿಗಳಾಚೆ ಸುದ್ದಿ ತಲಪದೆ ಹೋಗಬಹುದು.

ಚರ್ಮ ಮುನಿದರೆ

ಕೆಲವರಿಗೆ ಅಂಟಿನ ಅಡಿಯಲ್ಲಿ ನವೆ, ಕೆಂಪು, ಗುಳ್ಳೆ ಏಳುತ್ತವೆ. ಬೆವರು ಸಿಕ್ಕಿಕೊಂಡು ಆದ ಉರಿಯಾದರೆ ಜಾಗ ಬದಲಿಸಿದ ಮೇಲೆ ಬೇಗನೆ ಮಾಯುತ್ತದೆ. ಆದರೆ ನಿಜವಾದ ಅಲರ್ಜಿಯೂ ಉಂಟು. ಒಂದು ಜನಪ್ರಿಯ ಸೆನ್ಸರಿನಲ್ಲಿದ್ದ ಐಸೊಬಾರ್ನಿಲ್ ಅಕ್ರಿಲೇಟ್ ಎಂಬ ರಾಸಾಯನಿಕವೇ ಅನೇಕರ ಗುಳ್ಳೆಗಳಿಗೆ ಕಾರಣವೆಂದು ೨೦೧೭ರಲ್ಲಿ ಯೂರೋಪಿನ ಚರ್ಮವೈದ್ಯರು ವರದಿ ಮಾಡಿದರು. ಅಂಟಿಸುವ ಮೊದಲು ಚರ್ಮಕ್ಕೆ ತೆಳುವಾದ ರಕ್ಷಕ ಪೊರೆಯನ್ನು ಲೇಪಿಸುವುದರಿಂದ ಕೆಲವರಿಗೆ ಅನುಕೂಲವಾಗುತ್ತದೆ. ಗುಳ್ಳೆಗಳು ಮರುಮರಳಿ ಎದ್ದರೆ ಹಠ ಹಿಡಿಯದೆ ಚರ್ಮವೈದ್ಯರನ್ನು ಕಾಣಬೇಕು. ಮತ್ತೊಂದು ಮಾದರಿ ಒಗ್ಗಬಹುದು.

ಅವಧಿ ಮುಗಿದ ಸೆನ್ಸರನ್ನು ಸರಕ್ಕನೆ ಎಳೆದು ಕೀಳುವುದು ಚರ್ಮಕ್ಕೆ ಮಾಡುವ ದ್ರೋಹ. ಅಂಟಿಸುವಾಗ ವೈರಿಯಾಗಿದ್ದ ಕೊಬ್ಬರಿ ಎಣ್ಣೆ ಇಲ್ಲಿ ಮಿತ್ರನಾಗುತ್ತದೆ. ಅಂಚಿಗೆ ಎಣ್ಣೆ ಸವರಿ ಐದು ನಿಮಿಷ ಬಿಟ್ಟು, ಒಂದು ಬೆರಳಿನಿಂದ ಚರ್ಮವನ್ನು ಒತ್ತಿ ಹಿಡಿದು, ನಿಧಾನವಾಗಿ ಮಡಿಸುತ್ತ ಬಿಡಿಸಬೇಕು.

ಅಂಕಿಯನ್ನು ಓದುವ ವಿವೇಕ

ಸೆನ್ಸರ್ ಭದ್ರವಾಗಿ ನಿಂತಿತು. ಕಾಲು ಬೂಟು ಮೆಟ್ಟಿತು. ಇನ್ನು ಅದು ಹೇಳುವ ಮಾತನ್ನು ಸರಿಯಾಗಿ ಅರಿಯುವುದೊಂದು ಉಳಿಯಿತು.

ಕೆಲಸ ಮಾಡುವ ಸ್ನಾಯುವು ಇನ್ಸುಲಿನ್ನಿನ ಸಹಾಯವಿಲ್ಲದೆಯೂ ರಕ್ತದಿಂದ ಸಕ್ಕರೆಯನ್ನು ಸೆಳೆದುಕೊಳ್ಳಬಲ್ಲುದು. ವ್ಯಾಯಾಮವು ಮಧುಮೇಹಿಗೆ ಔಷಧವಾಗುವುದು ಈ ಗುಣದಿಂದಲೇ. ಆದರೆ ಇನ್ಸುಲಿನ್ ಅಥವಾ ಅದರ ಸ್ರಾವವನ್ನು ಹೆಚ್ಚಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ಎರಡೂ ಸೇರಿ ಸಕ್ಕರೆ ಮಿತಿಮೀರಿ ಇಳಿಯಬಹುದು. ಮೆಟ್‌ಫಾರ್ಮಿನ್ ಮಾತ್ರೆಯೊಂದನ್ನೇ ಸೇವಿಸುವವರಿಗೆ ಈ ಅಪಾಯ ಬಹಳ ಕಡಿಮೆ.

ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಕೋಶಗಳ ನಡುವಣ ದ್ರವವನ್ನು ಎಂಬುದು ಇಲ್ಲಿ ನೆನಪಿರಬೇಕು. ರಕ್ತದಲ್ಲಿ ಆದ ಬದಲಾವಣೆ ಅಲ್ಲಿಗೆ ತಲಪಲು ಕೆಲವು ನಿಮಿಷಗಳು ಬೇಕು. ಸುಮ್ಮನೆ ಕುಳಿತವರಿಗೆ ಇದರಿಂದ ಹಾನಿಯಿಲ್ಲ. ಆದರೆ ಓಡುವಾಗ ಸಕ್ಕರೆ ವೇಗವಾಗಿ ಇಳಿಯುತ್ತಿರುವುದರಿಂದ, ಸೆನ್ಸರ್ ೯೦ ಎಂದು ತೋರುತ್ತಿರುವಾಗ ರಕ್ತದಲ್ಲಿ ಅದು ೭೦ಕ್ಕೆ ಬಂದಿರಬಹುದು. ಆದುದರಿಂದ ಅಂಕಿಗಿಂತಲೂ ಅದರ ಪಕ್ಕದ ಬಾಣದ ಗುರುತನ್ನು ಹೆಚ್ಚು ಗಮನಿಸಬೇಕು. ಬಾಣವು ಕೆಳಮುಖವಾಗಿದ್ದರೆ ಅಂಕಿ ಚೆನ್ನಾಗಿದ್ದರೂ ನಿಂತು ವಿಚಾರ ಮಾಡಬೇಕು. ಕೈ ನಡುಗುವುದು, ತಣ್ಣನೆಯ ಬೆವರು, ಕಣ್ಣು ಮಂಜಾಗುವುದು, ಕಾರಣವಿಲ್ಲದ ಸಿಡುಕು ಇವು ಕಂಡರೆ, ಸೆನ್ಸರ್ ಏನೇ ಹೇಳಲಿ, ಮೈಯ ಮಾತನ್ನೇ ನಂಬಿ ಬೆರಳು ಚುಚ್ಚಿ ನೋಡಬೇಕು. ಮೀಟರು ಹತ್ತಿರವಿಲ್ಲದಿದ್ದರೆ ಸಕ್ಕರೆಯನ್ನೇ ಮೊದಲು ತಿನ್ನಬೇಕು.

ಡೆಸಿಲೀಟರಿಗೆ ೭೦ ಮಿಲಿಗ್ರಾಂಗಿಂತ ಕೆಳಗಿಳಿದರೆ ವ್ಯಾಯಾಮವನ್ನು ನಿಲ್ಲಿಸಿ, ಸುಮಾರು ೧೫ ಗ್ರಾಂ ಗ್ಲೂಕೋಸ್ ಪುಡಿಯನ್ನೋ ಮೂರು ಟೀ ಚಮಚ ಸಕ್ಕರೆಯನ್ನೋ ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷಗಳ ಅನಂತರ ಮತ್ತೆ ಪರೀಕ್ಷಿಸಬೇಕು. ಚಾಕೊಲೇಟು ಇದಕ್ಕೆ ಒದಗದು. ಅದರಲ್ಲಿನ ಕೊಬ್ಬು ಸಕ್ಕರೆಯನ್ನು ತಡಮಾಡಿಸುತ್ತದೆ. ಇಲ್ಲಿಯೂ ಸೆನ್ಸರ್ ಹಿಂದೆ ಬೀಳುತ್ತದೆ: ರಕ್ತದಲ್ಲಿ ಸಕ್ಕರೆ ಏರಿದ್ದರೂ ಅದು ಇನ್ನೂ ಕಡಿಮೆಯೆಂದೇ ತೋರಿಸುತ್ತಿರಬಹುದು. ಅದನ್ನು ನೋಡಿ ಗಾಬರಿಯಿಂದ ಮತ್ತೆ ಮತ್ತೆ ತಿನ್ನುವ ಬದಲು ಬೆರಳಿನ ಪರೀಕ್ಷೆಯನ್ನು ನಂಬಬೇಕು.

ಭಾರ ಎತ್ತುವುದು, ಬಿರುಸಾಗಿ ಓಡುವುದು ಮೊದಲಾದವುಗಳಲ್ಲಿ ಅಡ್ರಿನಲಿನ್ ಹೆಚ್ಚಿ ಸಕ್ಕರೆ ತಾತ್ಕಾಲಿಕವಾಗಿ ಏರುವುದೂ ಉಂಟು. ಅದನ್ನು ಕಂಡು ಅವಸರದಿಂದ ಇನ್ಸುಲಿನ್ ಚುಚ್ಚಿಕೊಂಡರೆ ಅನಂತರ ಕುಸಿತ ತಪ್ಪದು. ಸಂಜೆ ಹೆಚ್ಚು ಆಡಿದ ದಿನ ನಡುರಾತ್ರಿಯಲ್ಲಿ ಸಕ್ಕರೆ ಇಳಿಯಬಹುದು. ವ್ಯಾಯಾಮದ ಪ್ರಭಾವ ಒಂದು ದಿನದವರೆಗೂ ಉಳಿಯಬಲ್ಲುದು. ಔಷಧದ ಪ್ರಮಾಣವನ್ನು ಬದಲಾಯಿಸುವ ವಿಷಯವನ್ನಂತೂ ವೈದ್ಯರೊಡನೆ ಕುಳಿತು ನಿರ್ಧರಿಸತಕ್ಕದ್ದು.

ಮತ್ತೆ ಲಾಲ್‌ಬಾಗಿಗೆ

ಪಾಕಿಸ್ತಾನದ ಪ್ರಸಿದ್ಧ ಬೌಲರ್ ವಾಸಿಂ ಅಕ್ರಂ ಅವರಿಗೆ ಮಧುಮೇಹವಿದೆಯೆಂದು ತಿಳಿದುದು ೧೯೯೭ರಲ್ಲಿ. ಆಟ ಮುಗಿಯಿತೆಂದು ಅವರು ಕೈಚೆಲ್ಲಲಿಲ್ಲ. ೨೦೦೩ರ ವಿಶ್ವಕಪ್ಪಿನಲ್ಲಿ ಏಕದಿನ ಪಂದ್ಯಗಳ ಐನೂರನೆಯ ವಿಕೆಟನ್ನು ಪಡೆದ ಮೊದಲ ಬೌಲರ್ ಆದರು. ಇಂಗ್ಲೆಂಡಿನ ದೋಣಿಗಾರ ಸ್ಟೀವ್ ರೆಡ್‌ಗ್ರೇವ್ ಅವರಿಗೂ ಅದೇ ೧೯೯೭ರಲ್ಲಿ ಈ ರೋಗ ಕಾಣಿಸಿಕೊಂಡಿತು; ೨೦೦೦ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅವರು ತಮ್ಮ ಐದನೆಯ ಚಿನ್ನದ ಪದಕವನ್ನು ಗೆದ್ದರು. ಇಂದಿನ ಸೆನ್ಸರಿನ ಸೌಕರ್ಯ ಆ ದಿನಗಳಲ್ಲಿ ಇರಲಿಲ್ಲ. ಮಧುಮೇಹ ಬಂದಿತೆಂದು ಆಟವನ್ನು ಬಿಡಬೇಕಾಗಿಲ್ಲವೆಂಬುದನ್ನು ಅವರು ಮೈದಾನದಲ್ಲಿಯೂ ನೀರಿನ ಮೇಲೆಯೂ ತೋರಿಸಿಕೊಟ್ಟರು.

ಸಾಮಾನ್ಯ ಸಂಸಾರಸ್ಥನಿಗೆ ಪದಕ ಬೇಕಾಗಿಲ್ಲ. ಕೆರೆಯ ಸುತ್ತ ನಾಲ್ಕು ಸುತ್ತು ನಿಶ್ಚಿಂತೆಯಿಂದ ನಡೆದು, ಮನೆಗೆ ಬಂದು ಕಾಫಿ ಕುಡಿಯುವಂತಾದರೆ ಸಾಕು. ಅದಕ್ಕೆ ಬೇಕಾದುದು ಒಂದು ಸಂಜೆಯ ಕಾಲುಗಂಟೆ, ಸ್ವಲ್ಪ ಸ್ಪಿರಿಟ್ಟು, ಒಂದಿಷ್ಟು ತಾಳ್ಮೆ.

ಆ ಬಡಾವಣೆಯ ಮನೆಯಲ್ಲಿಯೂ ಒಂದು ಸಂಜೆ ಮಾತಿನ ಧಾಟಿ ಹೀಗೆ ಬದಲಾಗಬಹುದು:

“ತೋಳು ಪೂರ್ತಿ ಆರಿತೇನ್ರೀ? ಅಲುಗಾಡಬೇಡಿ, ಸುತ್ತಲೂ ಒತ್ತುತ್ತೇನೆ.”

“ಆಯಿತಲ್ಲ! ಇನ್ನು ನಾಳೆ ಬೆಳಗ್ಗೆ ಐದೂವರೆಗೆ ಎಬ್ಬಿಸು.”

“ನಾನೂ ಬರುತ್ತೇನೆ. ಜೇಬಿನಲ್ಲಿ ಗ್ಲೂಕೋಸ್ ಪೊಟ್ಟಣ ಇಟ್ಟುಕೊಳ್ಳೋದು ಮಾತ್ರ ಮರೀಬೇಡಿ.”